ಖಾಲಿ ಸ್ಟೇಡಿಯಂ, ಬೆಳಗ್ಗೆ ಏಳೂವರೆ ಮ್ಯಾಚು: ಬೆಂಗಳೂರಲ್ಲಿ ಕೂತು ಎಂಎಲ್‌ಬಿ ಟಿವಿ ನೋಡಿದ್ದರ ರಿವ್ಯೂ

ಇದು 2020ರ ಜುಲೈ 30ಕ್ಕೆ ಬರೆದಿದ್ದು, ರೇಟು, ರೂಲು, ಸುದ್ದಿ ಎಲ್ಲಾ ಆಗಿಂದು. ನೇರವಾಗಿ ವಿಷಯಕ್ಕೆ ಬರ್ತೀನಿ. ಎಂಎಲ್‌ಬಿ ಟಿವಿ ಅಂದ್ರೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನೋರದ್ದೇ ಸ್ಟ್ರೀಮಿಂಗ್ ಸರ್ವೀಸು. 30 ಟೀಮು, ಮ್ಯಾಚು ಲೈವಾಗೂ ಬರುತ್ತೆ, ಮುಗಿದ ಮೇಲೆ ಪೂರ್ತಿ ಮತ್ತೆ ಹಾಕ್ಕೊಂಡು ನೋಡೋಕೂ ಆಗುತ್ತೆ. ಬೇಸ್‌ಬಾಲ್ ಗಂಧಗಾಳಿ ಇಲ್ಲದಿರೋ ನಮ್ಮಂಥೋರು ಈ ಹಾಳು ಕೊರೊನಾ ವರ್ಷದಲ್ಲಿ ಇದನ್ನ ತಗೋಬೇಕಾ ಅಂತ ಕೇಳಿದ್ರೆ ನಾನು ಹೂಂ ತಗೊಳ್ಳಿ ಅಂತೀನಿ, ಅದೂ ಈಗ್ಲೇ ತಗೊಳ್ಳಿ, ಯಾಕಂದ್ರೆ ಇದರಲ್ಲಿ ನೋಡೋಕೆ ಸಿಗ್ತಿರೋ ಒಳ್ಳೇ ಮಾಲು ಬರೀ ಮ್ಯಾಚಲ್ಲ, ಪೂರ್ತಿ ತಯಾರಾಗದೇ ಇರೋ ಟೀಮು ಅರ್ಧಂಬರ್ಧ ತಯಾರಿಯಲ್ಲೇ ಗ್ರೌಂಡಿಗಿಳಿದು ಆಡ್ತಾ ಆಡ್ತಾನೇ ತಯಾರಾಗ್ತಿರೋದು. ಇದು ಮಾಮೂಲಿ ವರ್ಷದಲ್ಲಿ ಸಿಗಲ್ಲ. ಇನ್ನೊಂದು ತಿಂಗಳು ಹೋದ್ರೆ ಈ ವರ್ಷವೂ ಸಿಗಲ್ಲ.

ರೇಟಿನ ವಿಷಯ ಮುಗಿಸಿಬಿಡೋಣ. ಮಾಮೂಲಿ ಸೀಸನ್ ಅಂದ್ರೆ ಒಂದೊಂದು ಟೀಮಿಗೆ 162 ಮ್ಯಾಚು, 2020ರ ಈ ಸಲ ಬರೀ 60, ಹಾಗಾಗಿ ರೇಟೂ ಇಳಿಸಿದ್ರು, ಎಲ್ಲಾ ಟೀಮಿನ ಪ್ಯಾಕು 60 ಡಾಲರ್ ಆಸುಪಾಸು ಇತ್ತು, ನಮ್ಮ ದುಡ್ಡಲ್ಲಿ ನಾಲ್ಕೂವರೆ ಸಾವಿರ ಅಂದ್ಕೊಳ್ಳಿ, ಒಂದೇ ಟೀಮು ಸಾಕು ಅಂದ್ರೆ ಇನ್ನೊಂಚೂರು ಕಮ್ಮಿ. ಕಟ್ಟೋವಾಗ ನನ್ನ ಕಾರ್ಡು ಒಪ್ಪಲೇ ಇಲ್ಲ, ಯಾವ ಬ್ಯಾಂಕು ಅಂತ ಬೇಡ ಬಿಡಿ, ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆಫ್ ಆಗಿರುತ್ತೆ, ಮೊದ್ಲು ಬ್ಯಾಂಕ್ ಆಪಿಗೆ ಹೋಗಿ ಅದನ್ನ ಆನ್ ಮಾಡ್ಕೊಂಡು ಆಮೇಲೆ ಕಟ್ಟೋಕೆ ಹೋಗಿ, ಇಲ್ದಿದ್ರೆ ಕಸ್ಟಮರ್ ಕೇರ್ ಮ್ಯೂಸಿಕ್ ಕೇಳ್ತಾ ಕೂರ್ಬೇಕಾಗುತ್ತೆ. ದುಡ್ಡು ಕೊಡೋ ಮನಸ್ಸಿಲ್ದಿದ್ರೆ ದಿನಕ್ಕೊಂದು ಫ್ರೀ ಮ್ಯಾಚ್ ಅಂತ ಕೊಡ್ತಾರೆ, ಅಕೌಂಟ್ ಮಾಡ್ಕೊಂಡು ಅದನ್ನೇ ನೋಡಿ. ಹೈಲೈಟ್ಸ್ ಅಂತೂ ಯೂಟ್ಯೂಬಲ್ಲಿ ಧಂಡಿಯಾಗಿ ಬಿದ್ದಿದೆ.

ಟೈಮಿಂಗ್ ವಿಷಯದಲ್ಲಿ ಬೆಂಗಳೂರಿಗೆ ಲಾಟ್ರಿ ಹೊಡ್ದಂಗೆ. ನ್ಯೂಯಾರ್ಕ್, ಬಾಸ್ಟನ್ ಕಡೆ ಸಂಜೆ ಏಳಕ್ಕೆ ಶುರುವಾಗೋ ಮ್ಯಾಚು ನಮಗೆ ಬೆಳಗಿನ ಜಾವ ನಾಲ್ಕೂವರೆ, ಅದು ಹಾಲಿನೋರಿಗೂ ಪೇಪರಿನೋರಿಗೂ ಬಿಟ್ಟಿದ್ದು. ಆದ್ರೆ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ ಕಡೆ ಸಂಜೆ ಏಳು ಅಂದ್ರೆ ಇಲ್ಲಿ ಬೆಳಗ್ಗೆ ಏಳೂವರೆ, ಕಾಫಿ ಹಿಡ್ಕೊಂಡು ಕೂತ್ರೆ ತಿಂಡಿ ಮುಗಿಯೋ ಹೊತ್ತಿಗೆ ಮ್ಯಾಚು ಅರ್ಧ ಆಗಿರುತ್ತೆ, ಹತ್ತು ಗಂಟೆ ಸ್ಟ್ಯಾಂಡಪ್ ಕಾಲ್‌ಗೆ ವಿಡಿಯೋ ಆಫ್ ಮಾಡಿ ಮ್ಯೂಟಲ್ಲಿ ಕೂತ್ರೆ ಕೊನೇ ಇನ್ನಿಂಗ್ಸೂ ಸಿಗುತ್ತೆ (ನಮ್ಮ ಮ್ಯಾನೇಜರ್ ಕನ್ನಡ ಓದಲ್ಲ, ಅದಕ್ಕೇ ಧೈರ್ಯವಾಗಿ ಬರೀತಿದೀನಿ). ಆಫೀಸು ಮನೇಲೇ ಇರೋದ್ರಿಂದ ಸಿಲ್ಕ್ ಬೋರ್ಡಲ್ಲಿ ನಿಂತಿರ್ತಿದ್ದ ಆ ಟೈಮು ಈಗ ಬೇಸ್‌ಬಾಲ್‌ಗೆ ಹೋಗ್ತಿದೆ. ಹಾಗಾಗಿ ಟೀಮ್ ಆರಿಸ್ಕೊಳ್ಳೋವಾಗ ಜರ್ಸಿ ಚೆನ್ನಾಗಿದೆ, ಹೆಸರು ಚೆನ್ನಾಗಿದೆ ಅಂತೆಲ್ಲ ನೋಡ್ಬೇಡಿ, ವೆಸ್ಟ್ ಕೋಸ್ಟ್ ಟೀಮನ್ನೇ ಹಿಡೀರಿ. ನಾನು ಹಿಡಿದಿದ್ದು ಲಾಸ್ ಏಂಜಲೀಸ್ ಡಾಡ್ಜರ್ಸ್.

ಡಾಡ್ಜರ್ಸ್ ಕಥೆ ಸ್ವಲ್ಪ ಹೇಳ್ಬೇಕು, ಅದಿಲ್ದೆ ಈ ಸರ್ವೀಸಲ್ಲಿ ನನಗೇನು ಹಿಡಿಸ್ತು ಅಂತ ಅರ್ಥ ಆಗಲ್ಲ. ದುಡ್ಡಿರೋ ಟೀಮು, ಸ್ಟಾರುಗಳಿರೋ ಟೀಮು, ಪ್ರತಿ ವರ್ಷ ಚೆನ್ನಾಗಿ ಆಡಿ ಕೊನೇಲಿ ಎಡವೋ ಟೀಮು, 1988 ಆದ್ಮೇಲೆ 2019ರವರೆಗೂ ಕಪ್ಪೇ ಇಲ್ಲ. ಕೇಳಿದ ಕಥೆ ಥರ ಇದೆ ಅಲ್ವಾ, ನಾನೂ ಅದಕ್ಕೇ ಹತ್ರ ಆದೆ, ಈ ಸಲ ಕಪ್ ನಮ್ದೇ ಅನ್ನೋ ರೋಗ ನಮ್ಮೂರಿಗೆ ಮಾತ್ರ ಬಂದಿರೋದಲ್ಲ ಅಂತ ಒಂಥರಾ ಸಮಾಧಾನ. ಫೆಬ್ರವರೀಲಿ ಬಾಸ್ಟನ್ ರೆಡ್ ಸಾಕ್ಸಿಂದ ಮೂಕಿ ಬೆಟ್ಸ್ ಅನ್ನೋ ಭಾರೀ ಆಟಗಾರನನ್ನ ತಗೊಂಡ್ರು, ಜೊತೆಗೆ ಡೇವಿಡ್ ಪ್ರೈಸ್ ಅನ್ನೋ ಪಿಚರ್. ಪಿಚರ್ ಅಂದ್ರೆ ನಮ್ಮ ಬೌಲರ್ ಥರ, ಎಸೆಯೋನು. ಬೆಟ್ಸ್ ಕಾಂಟ್ರ್ಯಾಕ್ಟು ಇದೇ ವರ್ಷಕ್ಕೆ ಮುಗೀತಿತ್ತು, ಅಂದ್ರೆ ಒಂದೇ ಒಂದು ಸೀಸನ್‌ಗೋಸ್ಕರ ಅಷ್ಟೆಲ್ಲ ಕೊಟ್ಟು ತಂದಿದ್ದು, ಆದ್ರೆ ಕೊರೊನಾ ಬಂದು ಮಾರ್ಚ್ 12ಕ್ಕೆ ಲೀಗ್‌ನೋರು ಸ್ಪ್ರಿಂಗ್ ಟ್ರೈನಿಂಗ್ (ಸೀಸನ್ ಮುಂಚಿನ ತಯಾರಿ ಕ್ಯಾಂಪು) ನಿಲ್ಲಿಸಿಬಿಟ್ರು. 26ಕ್ಕೆ ಶುರುವಾಗ್ಬೇಕಿದ್ದ ಸೀಸನ್ ಹೋಯ್ತು. ಡಾಡ್ಜರ್ ಸ್ಟೇಡಿಯಂ 56,000 ಜನ ಹಿಡಿಸೋ ಜಾಗ, 1962ರಿಂದ ಇದೆ, ಈ ವರ್ಷ ಆಲ್ ಸ್ಟಾರ್ ಗೇಮ್ (ಲೀಗಿನ ಸ್ಟಾರುಗಳೆಲ್ಲ ಸೇರಿ ಆಡೋ ಮ್ಯಾಚು) ನಡೆಸ್ಬೇಕು ಅಂತ ಕೋಟಿಗಟ್ಲೆ ಡಾಲರ್ ಸುರಿದು ರಿಪೇರಿ ಮಾಡಿಸಿದ್ರು, ಆ ಮ್ಯಾಚೂ ಕ್ಯಾನ್ಸಲ್, 1945ರ ನಂತರ ಇದೇ ಮೊದಲ ಸಲವಂತೆ. ಹೊಸ ಆಟಗಾರ, ಹೊಸ ಸ್ಟೇಡಿಯಂ, ಆಟ ಮಾತ್ರ ಇಲ್ಲ.

ಆಮೇಲೆ ಮೂರು ತಿಂಗಳು ಓನರುಗಳಿಗೂ ಆಟಗಾರರಿಗೂ ಸಂಬಳದ ಜಗಳ, ಅದನ್ನ ಬಿಡಿ, ಬೋರು. ಜುಲೈ ಮೊದಲ ವಾರ ಮತ್ತೆ ಕ್ಯಾಂಪ್ ತೆರೆದ್ರು, ಸಮ್ಮರ್ ಕ್ಯಾಂಪ್ ಅಂತ ಹೆಸರು, ನಮ್ಮಲ್ಲಿ ಮಕ್ಕಳನ್ನ ಕಳಿಸ್ತೀವಲ್ಲ ಅದೇ ಹೆಸರು. ಮಾಮೂಲಿಯಾಗಿ ಆರು ವಾರ ಆಗೋ ತಯಾರಿಯನ್ನ ಮೂರು ವಾರಕ್ಕೆ ತುರುಕಿದ್ರು. ಇಲ್ಲಿ ಜುಲೈ 14ರ ರಾತ್ರಿಯಿಂದ 22ರ ಬೆಳಗ್ಗೆವರೆಗೂ ಬೆಂಗಳೂರು ಮತ್ತೆ ಲಾಕ್ ಆಗಿತ್ತಲ್ಲ, ಆ ವಾರ ಪೂರ್ತಿ ನಾನು ನೋಡಿದ್ದು ಇದನ್ನೇ. ಕ್ಯಾಂಪಿನ ತುಣುಕುಗಳು ನೆಟ್ಟಲ್ಲಿ ಫ್ರೀಯಾಗೇ ಬರ್ತಿದ್ವು, 18ರಿಂದ ಬೇರೆ ಟೀಮುಗಳ ಜೊತೆ ಪ್ರಾಕ್ಟೀಸ್ ಮ್ಯಾಚುಗಳೂ ಶುರುವಾದ್ವು. ಕ್ಯಾಂಪಲ್ಲಿ ಒಂದೇ ಟೀಮಿನೋರು ಇಬ್ಭಾಗವಾಗಿ ಆಡ್ತಾರೆ, ಪಿಚರ್‌ಗೆ ಸುಸ್ತಾದ್ರೆ ಇನ್ನಿಂಗ್ಸನ್ನ ಮಧ್ಯದಲ್ಲೇ ನಿಲ್ಲಿಸಿಬಿಡ್ತಾರೆ, ನಮ್ಮ ಗಲ್ಲಿ ಕ್ರಿಕೆಟ್ಟಲ್ಲಿ ಬ್ಯಾಟ್ ಓನರಿಗೆ ಊಟಕ್ಕೆ ಕರೆ ಬಂದ್ರೆ ಮ್ಯಾಚು ಮುಗೀತಿತ್ತಲ್ಲ ಹಾಗೆ. ಕೊರೊನಾಗೆ ಅಂತ ಮಾಡಿದ ರೂಲ್ ಬುಕ್ಕೇ ನೂರು ಪುಟ ದಾಟಿದೆ. ದಿನ ಬಿಟ್ಟು ದಿನ ಎಂಜಲು ಟೆಸ್ಟು, ಅದನ್ನೆಲ್ಲ ಯೂಟಾದಲ್ಲಿರೋ ಲ್ಯಾಬಿಗೆ ಕಳಿಸ್ಬೇಕು, ಮೊದಲ ವಾರದಲ್ಲೇ ರಜಾ ಸಿಕ್ಕಿ ರಿಸಲ್ಟು ಲೇಟಾಗಿ ಕೆಲವು ಟೀಮು ಪ್ರಾಕ್ಟೀಸೇ ನಿಲ್ಲಿಸಿದ್ವು. ಉಗುಳೋ ಹಾಗಿಲ್ಲ, ಬೇಸ್‌ಬಾಲ್ ಆಟಗಾರರ ಜನ್ಮಸಿದ್ಧ ಹಕ್ಕು ಅನ್ನೋ ಥರ ಇದ್ದ ಸೂರ್ಯಕಾಂತಿ ಬೀಜ ತಿಂದು ಸಿಪ್ಪೆ ಉಗಿಯೋದೂ ಇಲ್ಲ, ತಂಬಾಕೂ ಇಲ್ಲ, ಬಿಬಿಎಂಪಿ ಫೈನಿನ ಬೋರ್ಡೊಂದು ಬಾಕಿ. ಬೆರಳು ಒದ್ದೆ ಮಾಡ್ಕೊಳ್ಳೋ ಅಭ್ಯಾಸ ಇರೋ ಪಿಚರ್‌ಗಳು ಹಿಂದಿನ ಜೇಬಲ್ಲಿ ಒದ್ದೆ ಬಟ್ಟೆ ಇಟ್ಕೋಬೋದಂತೆ. ಕ್ರಿಕೆಟ್ಟಲ್ಲೂ ಜೂನಲ್ಲಿ ಐಸಿಸಿಯೋರು ಬಾಲಿಗೆ ಎಂಜಲು ಹಚ್ಬಾರ್ದು ಅಂದ್ರಲ್ಲ, ಅಲ್ಲಿ ಬೆವರು ಓಕೆ.

ನಮ್ಮಪ್ಪ ಕಾರ್ಖಾನೆ ಟೀಮಿಗೆ ಲೀಗ್ ಕ್ರಿಕೆಟ್ ಆಡಿದೋರು, ಮೀಡಿಯಂ ಪೇಸು, ಮೊಣಕಾಲು ಕೊಟ್ಟ ಮೇಲೆ ಬಿಟ್ರು. ಮೊದಮೊದಲು ಪೇಪರ್ ಮರೆಯಿಂದ ನೋಡ್ತಾ ಇದೇನೋ ಇದು ಬರೀ ಫುಲ್‌ಟಾಸು ಅಂದಿದ್ರು. ಆಮೇಲೆ ಒಂದಿನ ತಾವೇ ಕೇಳಿದ್ರು, ಆ ಹುಡುಗ ಎಷ್ಟು ಸ್ಪೀಡಲ್ಲಿ ಎಸೀತಾನೋ ಅಂತ. ಗಂಟೆಗೆ 95 ಮೈಲಿ ಅಪ್ಪ, ಅಂದ್ರೆ 153 ಕಿಲೋಮೀಟರು, ಅದೂ ನಮ್ಮ ಪಿಚ್ಚಿನಷ್ಟು ಉದ್ದನೂ ಇಲ್ಲ, ನಮ್ಮದು 22 ಗಜ ಅಂದ್ರೆ 20 ಮೀಟರಿಗೆ ಒಂಚೂರು ಮೇಲೆ, ಅವರದ್ದು ಹದಿನೆಂಟೂವರೆ ಮೀಟರು, ಬಾಲು ನೆಲಕ್ಕೆ ಬೀಳೋದೂ ಇಲ್ಲ ಅಂದೆ. ಪೇಪರ್ ಮಡಚಿಟ್ರು. ನಿಂತಲ್ಲೇ ಅಷ್ಟು ಸ್ಪೀಡ್ ತೆಗೀತಾನೆ ಅಂದ್ರೆ ಭುಜ ಏನಾಗ್ಬೇಕು, ಮೂರು ವಾರದಲ್ಲಿ ಅದು ರೆಡಿ ಆಗಲ್ಲ ಕಣೋ, ಮೈ ಬಿಸಿಯಾಗೋಕೇ ಒಂದು ತಿಂಗಳು ಬೇಕು ಅಂದ್ರು. ಅವರು ಹೇಳಿದ್ದು ಸುಮ್ನೆ ಅಲ್ಲ, ಕ್ರಿಕೆಟ್ ಶುರು ಮಾಡೋಕೆ ಮುಂಚೆ ಐಸಿಸಿ ಕೊಟ್ಟ ಗೈಡ್‌ಲೈನಲ್ಲಿ ಟೆಸ್ಟ್ ಆಡೋ ಬೌಲರ್‌ಗೆ 8ರಿಂದ 12 ವಾರ ತಯಾರಿ ಬೇಕು ಅಂತಿದೆ. ಮೂರು ವಾರಕ್ಕೆ ಇಳಿಸಿದ್ರೆ ಏನಾಗುತ್ತೆ ಅಂತ ಈಗ ದಿನಾ ಟಿವೀಲಿ ಕಾಣ್ತಿದೆ. ಹ್ಯೂಸ್ಟನ್ ಆಸ್ಟ್ರೋಸಿನ ಜಸ್ಟಿನ್ ವರ್ಲ್ಯಾಂಡರ್ ಒಂದೇ ಮ್ಯಾಚು ಎಸೆದು ಮುಂಗೈ ನೋವಂತ ಕೂತ, ಟೆಕ್ಸಸ್‌ನ ಕೋರಿ ಕ್ಲೂಬರ್ ಒಂದೇ ಇನ್ನಿಂಗ್ಸಿಗೆ ಎದ್ದು ಹೋದ. ಶೋಹೇ ಒಟಾನಿ ಅಂತ ಜಪಾನಿನೋನು, ಎಸೆಯೋದೂ ಹೊಡೆಯೋದೂ ಎರಡೂ ಮಾಡೋ ಮಹಾನುಭಾವ, ಮೊಣಕೈ ಆಪರೇಷನ್ ಆಗಿ 2018ರ ನಂತರ ಮೊದಲ ಸಲ ಪಿಚ್ ಮಾಡೋಕೆ ಬಂದ, ಒಬ್ಬನ್ನೂ ಔಟ್ ಮಾಡಕ್ಕಾಗ್ದೆ ಐದು ರನ್ ಕೊಟ್ಟು ಹೊರಗೆ ಹೋದ. ಅಪ್ಪ ಅವತ್ತು ಟಿವಿ ಮುಂದಿಂದ ಎದ್ದು ಹೋಗ್ಲೇ ಇಲ್ಲ, ಪಾಪ ಲಯ ಸಿಗ್ತಿಲ್ಲ ನೋಡೋ, ಕಾಲು ಎಲ್ಲೆಲ್ಲೋ ಬೀಳ್ತಿದೆ ಅಂತ ರೀವೈಂಡ್ ಮಾಡಿಸಿ ಮಾಡಿಸಿ ನೋಡಿದ್ರು. ಈ ಆಪಲ್ಲಿ ರೀವೈಂಡು, ಬೇಕಾದ ಇನ್ನಿಂಗ್ಸಿಗೆ ಜಂಪು ಎಲ್ಲಾ ಇದೆ, ಬೌಲಿಂಗ್ ಹುಚ್ಚಿರೋರಿಗೆ ಇದೊಂದಕ್ಕೇ ದುಡ್ಡು ವಸೂಲು.

ಡಾಡ್ಜರ್ಸ್‌ದೂ ಇದೇ ಕಥೆ. ಪ್ರೈಸ್ ಜುಲೈ 4ಕ್ಕೆ ಈ ವರ್ಷ ಆಡಲ್ಲ, ಫ್ಯಾಮಿಲಿ ಮುಖ್ಯ ಅಂತ ಹೇಳಿ ಕೂತ, ಸಂಬಳ ಬಿಟ್ಟ, ಅದಕ್ಕೂ ಮುಂಚೆ ಡಾಡ್ಜರ್ಸ್ ಕೆಳಗಿನ ಲೀಗುಗಳಲ್ಲಿ ಆಡೋ ಹುಡುಗರಿಗೆ ತಲಾ ಸಾವಿರ ಡಾಲರ್ ತನ್ನ ಕೈಯಿಂದ ಕೊಟ್ಟಿದ್ದನಂತೆ, ದೊಡ್ಡ ಮನುಷ್ಯ. ಕೊನೇಲಿ ಬಂದು ಮ್ಯಾಚ್ ಮುಗಿಸೋ ಕೆನ್ಲೀ ಜ್ಯಾನ್ಸನ್‌ಗೆ ಕೊರೊನಾ ಬಂದು ಕ್ಯಾಂಪಿಗೆ ಲೇಟು. ಇನ್ನೊಂದ್ಕಡೆ ಅಟ್ಲಾಂಟಾದ ಫ್ರೆಡಿ ಫ್ರೀಮನ್‌ಗೆ ಜ್ವರ 104.5 ಡಿಗ್ರಿಗೆ ಏರಿ ದೇವರೇ ನನ್ನನ್ನ ಕರ್ಕೋಬೇಡ ಅಂತ ಬೇಡ್ಕೊಂಡನಂತೆ, ಅದೇ ಮನುಷ್ಯ ಮೂರು ವಾರದಲ್ಲಿ ಮೊದಲ ಮ್ಯಾಚಿಗೆ ಬ್ಯಾಟ್ ಹಿಡ್ಕೊಂಡು ನಿಂತಿದ್ದ. ಇಂಥದ್ದೆಲ್ಲ ತಿಳ್ಕೊಂಡು ನೋಡಿದ್ರೆ ಸ್ಕೋರ್ ಗೊತ್ತಾಗ್ದಿದ್ರೂ ಆಟ ಹಿಡಿಸುತ್ತೆ.

ಸೀಸನ್ ಶುರುವಾಗಿದ್ದು ಅಲ್ಲಿಯ 23ಕ್ಕೆ, ನಮಗೆ 24ರ ಶುಕ್ರವಾರ ಬೆಳಗ್ಗೆ. ಮೊದಲ ಮ್ಯಾಚು ವಾಷಿಂಗ್ಟನಲ್ಲಿ, ನ್ಯೂಯಾರ್ಕ್ ಯಾಂಕೀಸ್ ಬಂದಿದ್ರು, ಅಮೆರಿಕ ಸರ್ಕಾರದ ಕೊರೊನಾ ತಜ್ಞ ಡಾಕ್ಟರ್ ಫೌಚಿ ಶಾಸ್ತ್ರಕ್ಕೆ ಮೊದಲ ಬಾಲ್ ಎಸೆದ್ರು, ಅದು ಕ್ಯಾಚರ್ (ನಮ್ಮ ಕೀಪರ್ ಥರ) ಹತ್ರ ಬಿಟ್ಟು ಬೇರೆಲ್ಲೋ ಹೋಯ್ತು (ಸೋಷಿಯಲ್ ಡಿಸ್ಟೆನ್ಸಿಂಗ್ ಅಂತ ಇಡೀ ಪ್ರಪಂಚ ಆಡ್ಕೊಂಡು ನಕ್ತು). ವಾಷಿಂಗ್ಟನ್ ಟೀಮಿನ ಹ್ವಾನ್ ಸೋಟೋ ಅನ್ನೋ ಸ್ಟಾರ್ ಹುಡುಗನಿಗೆ ಅದೇ ದಿನ ಪಾಸಿಟಿವ್ ಬಂದು ಔಟು. ಆರನೇ ಇನ್ನಿಂಗ್ಸಲ್ಲಿ ಧೋ ಅಂತ ಮಳೆ, ಮ್ಯಾಚ್ ಅಲ್ಲಿಗೇ ಬಂದ್, ಯಾಂಕೀಸ್ 4-1. ನಾಲ್ಕು ತಿಂಗಳು ಕಾದ ಮ್ಯಾಚು ಮಳೇಲಿ ಹೋಯ್ತು, ಚಿನ್ನಸ್ವಾಮೀಲಿ 2017ರಲ್ಲಿ ಹಾಕಿಸಿದ ಸಬ್‌ಏರ್ ಅಲ್ಲಿದ್ದಿದ್ರೆ ಅಷ್ಟೊತ್ತಿಗೆ ನೀರೆಳೆದು ಮತ್ತೆ ಆಟ ಶುರು ಮಾಡ್ಬೋದಿತ್ತು ಅಂತ ನನಗಂತೂ ಅನ್ನಿಸ್ತು, ಬೆಂಗಳೂರಿನೋರಿಗೆ ಹೆಮ್ಮೆ ಪಡೋಕೆ ಸಿಗೋದೇ ಅಪರೂಪ, ಸಿಕ್ಕಾಗ ಬಿಡ್ಬಾರ್ದು. ಎರಡನೇ ಮ್ಯಾಚು ನಮ್ಮದು, ಡಾಡ್ಜರ್ಸು ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸು. ಹಿಂದಿನ ದಿನವಷ್ಟೇ ಬೆಟ್ಸ್ 12 ವರ್ಷಕ್ಕೆ 365 ಮಿಲಿಯನ್ ಡಾಲರಿಗೆ ಸೈನ್ ಮಾಡಿದ್ದ, ಒಂದು ವರ್ಷಕ್ಕೆ ಅಂತ ಬಂದೋನು ಒಂದು ಬಾಲ್ ಆಡೋಕೆ ಮುಂಚೆ ಮನೆ ಮಗ ಆಗ್ಬಿಟ್ಟ. ಪಿಚ್ ಮಾಡ್ಬೇಕಿದ್ದ ಕ್ಲೇಟನ್ ಕರ್ಶಾ ಬೆನ್ನು ಹಿಡ್ಕೊಂಡಿದೆ ಅಂತ ಕೂತ್ಕೊಂಡ್ರೆ ಆ ಜಾಗಕ್ಕೆ ಕೆಂಚು ಗುಂಗುರು ಕೂದಲಿನ ಡಸ್ಟಿನ್ ಮೇ ಅನ್ನೋ ಹುಡುಗ, ಡಾಡ್ಜರ್ಸ್ ಓಪನಿಂಗ್ ಡೇಗೆ ಹೊಸಬನನ್ನ ಇಳಿಸಿದ್ದು 1981ರ ಫರ್ನಾಂಡೋ ವಲೆನ್ಸುಯೆಲಾ ನಂತರ ಇದೇ ಅಂತೆ. ಗೆದ್ದಿದ್ದು 8-1. ಆದ್ರೆ ಆಟ ಎತ್ತಿದ್ದು 365 ಮಿಲಿಯನ್ ಬೆಟ್ಸೂ ಅಲ್ಲ, ಕರ್ಶಾನೂ ಅಲ್ಲ, ಯಾವ ಜಾಗದಲ್ಲಿ ನಿಲ್ಲಿಸಿದ್ರೂ ಆಡೋ ಕೀಕೇ ಹೆರ್ನಾಂಡೆಸ್, ನಾಲ್ಕು ಹಿಟ್, ಅದರಲ್ಲೊಂದು ಹೋಮ್ ರನ್ನು (ನಮ್ಮ ಸಿಕ್ಸರ್ ಥರ), ಐದು ರನ್ ಅವನೊಬ್ಬನ ಬ್ಯಾಟಿಂದಲೇ ಬಂತು.

ಈಗ ಸೌಂಡಿನ ವಿಷಯ, ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಇದೇ. ಸ್ಟೇಡಿಯಮಲ್ಲಿ ಒಂದು ನರಪಿಳ್ಳೆ ಇಲ್ಲ. ಸೀಟಲ್ಲಿ ಕಾರ್ಡ್‌ಬೋರ್ಡ್ ಮುಖಗಳು, ಫ್ಯಾನುಗಳೇ ದುಡ್ಡು ಕೊಟ್ಟು ತಮ್ಮ ಫೋಟೋ ಕಳಿಸಿದ್ದು. ಬೇಸ್‌ಬಾಲ್ ವಿಡಿಯೋ ಗೇಮಿಂದ ಎತ್ತಿದ ಜನರ ಗಲಾಟೆ ಸೌಂಡನ್ನ ಸ್ಪೀಕರಲ್ಲಿ ಹಾಕ್ತಾರೆ, ಒಬ್ಬ ಮನುಷ್ಯ ಕೂತು ಆಟ ನೋಡ್ಕೊಂಡು ಬಟನ್ ಒತ್ತೋದು. ಫಾಕ್ಸ್ ಚಾನೆಲಿನೋರು ಇನ್ನೂ ಮುಂದೆ ಹೋಗಿ ಕಂಪ್ಯೂಟರಲ್ಲಿ ಜನರನ್ನ ಮಾಡಿ ಖಾಲಿ ಸೀಟಲ್ಲಿ ಕೂರಿಸಿದ್ರು, ಕ್ಯಾಮೆರಾ ಒಂದು ಕಡೆ ತಿರುಗಿದ್ರೆ ಫುಲ್ ಹೌಸು, ಇನ್ನೊಂದು ಕಡೆ ತಿರುಗಿದ್ರೆ ಭಣಭಣ, ನೋಡೋಕಾಗಲ್ಲ. ಆದ್ರೆ ಈ ನಕಲಿ ಗಲಾಟೆ ಮಧ್ಯೆ ನಿಜವಾದ ಸದ್ದು ತೂರ್ಕೊಂಡು ಬರುತ್ತೆ, ಬ್ಯಾಟಿಗೆ ಬಾಲ್ ಬಿದ್ದ ಟಕ್ ಅನ್ನೋದು, ಗ್ಲೌಸಿಗೆ ಬಡಿದ ಫಟ್ ಅನ್ನೋದು, ಡಗೌಟಿಂದ ಕೋಚು ಕಿರುಚೋದು. ನಿನ್ನೆ, ಬುಧವಾರ ಬೆಳಗ್ಗೆ, ಹ್ಯೂಸ್ಟನಲ್ಲಿ ನಡೆದಿದ್ದಂತೂ ಇದಕ್ಕೇ ಹೇಳಿ ಮಾಡಿಸಿದ್ದು. ಹ್ಯೂಸ್ಟನ್‌ನೋರು 2017ರಲ್ಲಿ ಇದೇ ಡಾಡ್ಜರ್ಸ್‌ನ ಫೈನಲ್ಲಲ್ಲಿ ಸೋಲಿಸಿ ಕಪ್ ಎತ್ತಿದ್ರು, ಆ ವರ್ಷ ಮುಂದೆ ಎಂಥ ಬಾಲ್ ಎಸೀಬೇಕು ಅಂತ ಎದುರಾಳಿ ಕ್ಯಾಚರ್ ಬೆರಳಲ್ಲಿ ಮಾಡೋ ಸನ್ನೆಯನ್ನ ಕ್ಯಾಮೆರಾದಲ್ಲಿ ಕದ್ದು ಕಸದ ಡಬ್ಬ ಬಡಿದು ತಮ್ಮ ಬ್ಯಾಟ್ಸ್‌ಮನ್‌ಗೆ ತಿಳಿಸ್ತಿದ್ರು ಅಂತ ಆಮೇಲೆ ಬಯಲಾಯ್ತು, ಈ ಜನವರೀಲಿ 5 ಮಿಲಿಯನ್ ಡಾಲರ್ ದಂಡ ಹಾಕಿ ಮ್ಯಾನೇಜರನ್ನ (ಅಲ್ಲಿ ಹೆಡ್ ಕೋಚಿಗೆ ಹಾಗಂತಾರೆ) ಒಂದು ವರ್ಷ ಸಸ್ಪೆಂಡ್ ಮಾಡಿದ್ರು. ಅಮೆರಿಕದ ಫ್ಯಾನುಗಳು ಇಡೀ ವರ್ಷ ಹ್ಯೂಸ್ಟನ್‌ನೋರನ್ನ ಊರೂರಲ್ಲಿ ಬೈದು ಕಳಿಸೋಕೆ ಕಾಯ್ತಿದ್ರು, ಕೊರೊನಾ ಬಂದು ಸ್ಟೇಡಿಯಂ ಖಾಲಿ ಮಾಡಿ ಅವರನ್ನ ಉಳಿಸ್ತು. ಬೈಯೋ ಕೆಲಸ ಕೊನೆಗೆ ಡಾಡ್ಜರ್ಸ್ ಪಿಚರ್ ಜೋ ಕೆಲ್ಲಿ ಒಬ್ಬನ ತಲೆಗೆ ಬಂತು, ಹ್ಯೂಸ್ಟನ್ ಟೀಮಿನ ಬ್ರೆಗ್‌ಮನ್ ತಲೆ ಹಿಂದೆ ಒಂದು ಬಾಲ್ ಬಿಟ್ಟ, ಅದೇ ಟೀಮಿನ ಕೊರೇಯಾನ ಔಟ್ ಮಾಡಿ ಮುಖ ಚಿಕ್ಕ ಮಗು ಥರ ಸೊಟ್ಟ ಮಾಡಿ ಅಣಕಿಸಿದ, ಬಾಯಿಂದ ಬಂದ ಮಾತೆಲ್ಲ ನಮ್ಮನೆ ಹಾಲಲ್ಲಿ ಕ್ಲೀನಾಗಿ ಕೇಳಿಸ್ತು, ಪುಣ್ಯಕ್ಕೆ ಅಮ್ಮ ಅಡುಗೆಮನೇಲಿ ಮಿಕ್ಸಿ ಹಾಕಿದ್ರು. ಎರಡೂ ಟೀಮು ಗ್ರೌಂಡಿಗೆ ನುಗ್ಗಿ ನೂರು ಪುಟದ ರೂಲ್ ಬುಕ್ಕಿಗೆ ಎಳ್ಳುನೀರು ಬಿಟ್ರು. ಈಗ ಕೆಲ್ಲಿಗೆ 8 ಮ್ಯಾಚ್ ಸಸ್ಪೆನ್ಷನ್ ಅಂತ ನ್ಯೂಸು, 60ರಲ್ಲಿ 8 ಅಂದ್ರೆ ಮಾಮೂಲಿ ಸೀಸನ್ ಲೆಕ್ಕದಲ್ಲಿ ಇಪ್ಪತ್ತೆರಡು ಹತ್ರ ಹತ್ರ. ಮೋಸ ಮಾಡಿದ ಆಟಗಾರರಿಗೆ ಸೊನ್ನೆ. ಇದು ಯಾವ ಸೀಮೆ ನ್ಯಾಯ ಅಂತ ನಾನೂ ಅಪ್ಪನೂ ಒಂದೇ ಮಾತಲ್ಲಿದೀವಿ, ಅದೇ ಒಂದು ದಾಖಲೆ.

ಸರ್ವೀಸಿನ ಸಣ್ಣ ಪುಟ್ಟ ವಿಷಯ. ಒಂದೇ ಮ್ಯಾಚಿಗೆ ಎರಡೂ ಊರಿನ ಕಾಮೆಂಟ್ರಿ ಇರುತ್ತೆ, ಬೇಕಾದ್ದು ಹಾಕ್ಕೋಬೋದು, ಸೋಲ್ತಿರೋ ಊರಿನ ಕಾಮೆಂಟ್ರಿ ಹಾಕಿ ನೋಡಿ, ಮಜಾನೇ ಬೇರೆ. ಬರೀ ರೇಡಿಯೋ ಕಾಮೆಂಟ್ರಿನೂ ಇದೆ, ಪಾತ್ರೆ ತೊಳೆಯೋವಾಗ ಕಿವಿಗೆ ಹಾಕ್ಕೊಂಡ್ರೆ ಹಳೇ ಆಕಾಶವಾಣಿ ರಣಜಿ ಕಾಮೆಂಟ್ರಿ ನೆನಪಾಗುತ್ತೆ. ಈ ವರ್ಷ ಕಾಮೆಂಟೇಟರುಗಳು ಟೀಮ್ ಜೊತೆ ಪ್ರಯಾಣ ಮಾಡಲ್ಲ, ಬೇರೆ ಊರಿನ ಮ್ಯಾಚನ್ನೂ ತಮ್ಮೂರಲ್ಲೇ ಕೂತು ಟಿವಿ ನೋಡಿ ಹೇಳ್ತಾರೆ, ಅಂದ್ರೆ ಅವರೂ ವರ್ಕ್ ಫ್ರಮ್ ಹೋಮೇ, ಒಂದೊಂದ್ಸಲ ಬಾಲ್ ಎಲ್ಲಿ ಹೋಯ್ತು ಅಂತ ನಮ್ಮಷ್ಟೇ ಹುಡುಕ್ತಾರೆ. ಸ್ಕೋರ್ ಮುಚ್ಚಿಡೋ ಸೆಟ್ಟಿಂಗಿದೆ, ಅದನ್ನ ಮೊದಲ ದಿನವೇ ಆನ್ ಮಾಡಿ, ರಾತ್ರಿ ಊಟ ಆದ್ಮೇಲೆ ನೋಡೋರಿಗೆ ವರದಾನ. ಇನ್ನಿಂಗ್ಸ್ ಮಧ್ಯೆ ಅಲ್ಲಿಯ ಜಾಹೀರಾತು ನಮಗೆ ಬರದೇ ಇದ್ದಾಗ ಬ್ರೇಕ್ ನಡೀತಿದೆ ಅಂತ ಒಂದು ಬೋರ್ಡ್ ನಿಂತಿರುತ್ತೆ, ಆಗ ಗಿಡಕ್ಕೆ ನೀರು ಹಾಕಿ ಬನ್ನಿ. ಇನ್ನೊಂದು ತಮಾಷೆ, ಲಾಸ್ ಏಂಜಲೀಸ್ ಪಕ್ಕದಲ್ಲೇ ಇರೋ ನಮ್ಮ ದೊಡ್ಡಪ್ಪನ ಮಗನಿಗೆ ಇದರಲ್ಲಿ ಡಾಡ್ಜರ್ಸ್ ಲೈವ್ ಬರಲ್ಲ, ಲೋಕಲ್ ಚಾನೆಲ್ಲಿಗೆ ಹಕ್ಕು ಮಾರಿರೋದ್ರಿಂದ ಆ ಊರಿನೋರಿಗೆ ಬ್ಲ್ಯಾಕೌಟು, ರಾಜಾಜಿನಗರದಲ್ಲಿ ಕೂತಿರೋ ನನಗೆ ಬರುತ್ತೆ. ಆ ಲೋಕಲ್ ಚಾನೆಲ್ಲೂ ಕೇಬಲ್ ಕಂಪನಿಗಳ ಜಗಳದಲ್ಲಿ 2014ರಿಂದ ಆರು ವರ್ಷ ಅರ್ಧಕ್ಕರ್ಧ ಊರಿಗೇ ಸಿಕ್ತಿರ್ಲಿಲ್ವಂತೆ, ರಾಜಿ ಆಗಿದ್ದು ಈ ಏಪ್ರಿಲಲ್ಲಿ, ತೋರಿಸೋಕೆ ಒಂದು ಮ್ಯಾಚೂ ಇಲ್ದಿದ್ದಾಗ. ಅಣ್ಣ ಫೋನ್ ಮಾಡಿ ಸ್ಕೋರೆಷ್ಟೋ ಅಂತ ನನ್ನ ಕೇಳ್ತಾನೆ ಅಂದ್ರೆ ನೀವೇ ಯೋಚ್ನೆ ಮಾಡಿ.

ನೆಟ್ ಬಗ್ಗೆ, ಇದು ಸರ್ವೀಸಿನ ತಪ್ಪಲ್ಲ, ನಮ್ಮ ಏರಿಯಾ ಬ್ರಾಡ್‌ಬ್ಯಾಂಡು ಮಳೆ ಬಂದ್ರೆ ಮಲಗುತ್ತೆ, ಹುಡುಗಂಗೆ ಫೋನ್ ಮಾಡಿದ್ರೆ ಸರ್ ಕಂಟೈನ್‌ಮೆಂಟ್ ಝೋನು ಬರಕ್ಕಾಗಲ್ಲ ಅಂತಾನೆ. ಮಗಳ ಆನ್‌ಲೈನ್ ಕ್ಲಾಸು ಒಂಬತ್ತಕ್ಕೆ ಶುರುವಾದ್ರೆ ನಾನು ಮರ್ಯಾದೆಯಾಗಿ ರೇಡಿಯೋಗೆ ಇಳೀತೀನಿ.

ಇಷ್ಟ ಆಗದೇ ಇದ್ದಿದ್ದೂ ಇದೆ, ಅದು ಆಟದ್ದು. ಒಂಬತ್ತು ಇನ್ನಿಂಗ್ಸ್ ಮುಗಿದೂ ಟೈ ಆದ್ರೆ ಹತ್ತನೇ ಇನ್ನಿಂಗ್ಸಲ್ಲಿ ಎರಡನೇ ಬೇಸಲ್ಲಿ (ರನ್ ಓಡೋ ದಾರೀಲಿ ಅರ್ಧಕ್ಕೆ) ಒಬ್ಬನನ್ನ ಬಿಟ್ಟಿಯಾಗಿ ನಿಲ್ಲಿಸಿ ಶುರು ಮಾಡ್ತಾರಂತೆ, ಬೇಗ ಮುಗೀಲಿ ಅಂತ. ಎರಡನೇ ದಿನವೇ ಓಕ್‌ಲ್ಯಾಂಡಲ್ಲಿ ಇದು ಬಂತು, ಹಾಗೆ ನಿಂತ ಮೊದಲನೇ ಮನುಷ್ಯ ಮತ್ತೆ ಅದೇ ಒಟಾನಿ, ಬಿಟ್ಟಿ ಸಿಕ್ಕ ಜಾಗದಿಂದ ಓಡಿ ಸಿಕ್ಕಾಕ್ಕೊಂಡು ಔಟ್ ಆದ, ಆಮೇಲೆ ಓಕ್‌ಲ್ಯಾಂಡಿನ ಮ್ಯಾಟ್ ಓಲ್ಸನ್ ಮೂರೂ ಬೇಸಲ್ಲಿ ತನ್ನೋರು ನಿಂತಿದ್ದಾಗ ಹೋಮ್ ರನ್ ಹೊಡೆದು ಮುಗಿಸಿದ. ನೋಡೋಕೆ ಥ್ರಿಲ್ಲು, ಒಪ್ಪೋಕೆ ಕಷ್ಟ, 2019ರ ವರ್ಲ್ಡ್ ಕಪ್ ಫೈನಲ್ ಬೌಂಡರಿ ಲೆಕ್ಕ ನೋಡಿದ ಹೊಟ್ಟೆಗೆ ಇದೂ ಜೀರ್ಣ ಆಗುತ್ತೆ ಅನ್ಕೋಬೇಕು.

ದೊಡ್ಡ ರಿಸ್ಕು ಏನಂದ್ರೆ ಸೀಸನ್ ಮಧ್ಯದಲ್ಲೇ ನಿಂತು ಹೋಗ್ಬೋದು. ಮಯಾಮಿ ಮಾರ್ಲಿನ್ಸ್ ಟೀಮು ಫಿಲಡೆಲ್ಫಿಯಾದಲ್ಲಿ ಆಡೋಕೆ ಹೋಗಿ ಒಬ್ಬರಿಂದೊಬ್ಬರಿಗೆ ಹತ್ತಿ ಹತ್ತಾರು ಜನಕ್ಕೆ ಪಾಸಿಟಿವ್ ಆಗಿದೆ, ಸೋಮವಾರದಿಂದ ಮ್ಯಾಚುಗಳು ಮುಂದಕ್ಕೆ ಹೋಗ್ತಿವೆ, ಶುರುವಾಗಿ ಒಂದು ವಾರನೂ ಆಗಿಲ್ಲ. ಟೊರಾಂಟೊ ಟೀಮಿಗಂತೂ ಊರೇ ಇಲ್ಲ, ಕೆನಡಾ ಸರ್ಕಾರ ದಿನಾ ಗಡಿ ದಾಟಿ ಓಡಾಡೋದು ಬೇಡ ಅಂದಿದೆ, ಪಿಟ್ಸ್‌ಬರ್ಗ್ ಕೇಳಿದ್ರು, ಅಲ್ಲೂ ಆಗಲ್ಲ ಅಂದ್ರು, ಈಗ ಬಫಲೋ ಅನ್ನೋ ಸಣ್ಣ ಊರಿನ ಸ್ಟೇಡಿಯಮಲ್ಲಿ ಬಾಡಿಗೆ ಮನೆ. ನಮ್ಮ ಐಪಿಎಲ್ಲೂ ಹಾಗೇ ತಾನೇ, ಅದೇ 24ರ ಶುಕ್ರವಾರ ಆಗಿನ ಐಪಿಎಲ್ ಚೇರ್ಮನ್, ನಮ್ಮ ಬ್ರಿಜೇಶ್ ಪಟೇಲ್ ಅವರು ಸೆಪ್ಟೆಂಬರ್ 19ರಿಂದ ದುಬೈ ಕಡೆ ಅಂತ ಹೇಳಿದ್ರು, ಚಿನ್ನಸ್ವಾಮೀಲಿ ಒಂದು ಮ್ಯಾಚೂ ಇಲ್ಲ, ಆರ್‌ಸಿಬಿ ಹುಡುಗರೂ ಇದೇ ಥರ ರೂಮಲ್ಲಿ ಕೂತು, ಟೆಸ್ಟ್ ಮಾಡಿಸ್ಕೊಂಡು, ಖಾಲಿ ಗ್ರೌಂಡಲ್ಲಿ ಮೈ ಬಿಸಿ ಮಾಡ್ಕೊಂಡು ಆಡ್ಬೇಕು. ಅದು ಹೇಗಿರುತ್ತೆ ಅಂತ ಈಗ್ಲೇ ನೋಡ್ಬೇಕು ಅನ್ನೋರಿಗೆ ಈ 60 ಡಾಲರು ಮೋಸ ಇಲ್ಲ.

ಯಾರಿಗೆ ಬೇಡ ಅಂದ್ರೆ, ಮೂರು ಗಂಟೆ ಕೂರೋ ತಾಳ್ಮೆ ಇಲ್ದೋರಿಗೆ, ಟಿ20ನೇ ಉದ್ದ ಆಯ್ತು ಅನ್ನೋರಿಗೆ, ಮತ್ತೆ ಬಾಲ್ ಬಾಲಿಗೂ ಏನಾದ್ರೂ ಆಗ್ಬೇಕು ಅನ್ನೋರಿಗೆ. ಟೆಸ್ಟ್ ಕ್ರಿಕೆಟ್ ಪ್ರೀತಿಸೋರು, ಮನೇಲಿ ರಿಟೈರಾದ ಬೌಲರ್ ಅಪ್ಪ ಇರೋರು ಧಾರಾಳವಾಗಿ ತಗೊಳ್ಳಿ. ಮೊದಲು ಎರಡ್ಮೂರು ಫ್ರೀ ಮ್ಯಾಚ್ ನೋಡಿ, ಸ್ಟ್ರೈಕು ಬಾಲು ಲೆಕ್ಕ ತಲೆಗೆ ಹತ್ತಿದ ಮೇಲೆ ದುಡ್ಡು ಕಟ್ಟಿ. ಐದಕ್ಕೆ ನಾಲ್ಕು ಸ್ಟಾರು, ಮಾರ್ಲಿನ್ಸ್‌ನೋರು ಹುಷಾರಾಗಿ ಗ್ರೌಂಡಿಗೆ ವಾಪಸ್ ಬಂದ್ರೆ ಉಳಿದ ಅರ್ಧ ಸ್ಟಾರೂ ಕೊಡ್ತೀನಿ, ಇನ್ನರ್ಧ ಜೋ ಕೆಲ್ಲಿ ಸಸ್ಪೆನ್ಷನ್ ಕಮ್ಮಿ ಮಾಡಿದ ಮೇಲೆ.